ಮಹದೇವಿಯ ಕಾಲು ಮತ್ತು ನಾನು ಕೊಟ್ಟ ಹಳದಿ ಮಾತ್ರೆ

ಸಿಂಧು, ನೀನು ನರ್ಸಿಂಗ್ ಕಾಲೇಜಿಗೆ ಸೇರಿದ ವಾರ ಫೋನಿನಲ್ಲಿ ಕೇಳಿದೆ: "ಅಜ್ಜಿ, ಅಷ್ಟು ವರ್ಷ ಕೆಲಸ ಮಾಡಿದ್ದೀಯಲ್ಲ, ನಂಗೆ ಹೇಳಿಕೊಡೋಂಥದ್ದು ಏನಾದ್ರೂ ಇದ್ಯಾ?" ನಾನು "ಏನೂ ಇಲ್ಲ, ಚೆನ್ನಾಗಿ ಓದು" ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಎದುರಿಗೆ ಒಬ್ಬರು ಕೂತಿದ್ದರೆ ನನಗೆ ಮಾತು ಹೊರಡುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಹಾಳೆಗೆ ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮನೂ ಓದಲಿ.

ನಾನು ಊರ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ತರಬೇತಿ ಪಡೆದು, ನಂಜನಗೂಡು ತಾಲ್ಲೂಕಿನಲ್ಲಿ ಆರೋಗ್ಯ ಸಹಾಯಕಿಯಾದವಳು. ಜನ ಕರೆಯುತ್ತಿದ್ದದ್ದು ನರ್ಸಮ್ಮ ಎಂದು. ಹೆಮ್ಮರಗಾಲದ ಆಚೆ ನಾಲ್ಕು ಹಳ್ಳಿಗಳು ನನ್ನ ಪಾಲಿಗಿದ್ದವು. ಒಂದು ಕೋಣೆಯ ಉಪಕೇಂದ್ರ, ಒಂದು ಚೀಲ, ಒಂದು ತೂಕದ ಯಂತ್ರ, ಎಂಟೋ ಹತ್ತೋ ರಿಜಿಸ್ಟರುಗಳು. ಬಸುರಿಯರ ಹೆಸರು ಬರೆಯುವುದು, ಮಕ್ಕಳಿಗೆ ಚುಚ್ಚುಮದ್ದು, ಹೆರಿಗೆ, ಮಾತ್ರೆ ಹಂಚುವುದು. ನಾನು ಹೇಳಲಿರುವುದು ತೊಂಬತ್ತರ ದಶಕದ ನಡುವಿನ ಮಾತು. ಆಗ ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ನಿಮ್ಮ ಅಪ್ಪ, ಅತ್ತೆ ಇಬ್ಬರೂ ಪ್ರೈಮರಿ ಶಾಲೆಯಲ್ಲಿದ್ದರು. ಈ ಕೆಲಸ ಹೋದರೆ ಮೂವರಿಗೂ ದಿಕ್ಕಿಲ್ಲ ಎಂಬ ಭಯ ನನ್ನ ಬೆನ್ನ ಮೇಲೆ ಸದಾ ಕೂತಿರುತ್ತಿತ್ತು. ಇದನ್ನು ನೆಪ ಎಂದು ಬೇಕಾದರೂ ತಿಳಿದುಕೊ.

ಮೊದಲು ಕಬ್ಬಿಣಾಂಶದ ಮಾತ್ರೆಯ ವಿಷಯ ಹೇಳಬೇಕು. ಬಸುರಿಯರಿಗೆ ನೂರು ಕೆಂಪು ಮಾತ್ರೆ ಕೊಡುವುದು ನಮ್ಮ ಕೆಲಸ. ಯಾರೂ ತಿನ್ನುತ್ತಿರಲಿಲ್ಲ. ತಿಂದರೆ ವಾಂತಿ, ಮಲ ಕಪ್ಪು, ಮಗುವೂ ಕಪ್ಪಾಗುತ್ತದೆಂಬ ಮಾತು ಬೇರೆ. ಒಂದು ಸಲ ಅಲಸಂದೆ ಹೊಲದ ಬದುವಿನಲ್ಲಿ ಹಿಡಿಯಷ್ಟು ಕೆಂಪು ಮಾತ್ರೆ ಬಿದ್ದಿದ್ದನ್ನು ನಾನೇ ಆರಿಸಿಕೊಂಡು ಬಂದಿದ್ದೇನೆ. ನಮ್ಮ ಮೇಲ್ವಿಚಾರಕಿ ಸರೋಜಮ್ಮ ತಿಂಗಳಿಗೊಮ್ಮೆ ಬಂದು, ಕನ್ನಡಕದ ಮೇಲಿಂದ ನೋಡಿ, "ನೀವು ಹಂಚೋದು ಮಾತ್ರೇನೋ, ಕೋಳಿಗೆ ಕಾಳೋ?" ಎನ್ನುತ್ತಿದ್ದರು.

ನಾನು ಯೋಚಿಸಿ ಒಂದು ಉಪಾಯ ಮಾಡಿದೆ. ಮೂರು ಗಂಟೆಗೆ ಎಲ್ಲ ಮನೆಯಲ್ಲೂ ಕಾಫಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ಹೋಗಿ, ಬಿಸಿ ಕಾಫಿಯ ಜೊತೆ ನನ್ನ ಎದುರಿಗೇ ಮಾತ್ರೆ ನುಂಗಿಸುವುದು, ನಾನು ಹೋಗದ ದಿನವೂ ಕಾಫಿ ಲೋಟ ಕಂಡಾಗ ಮಾತ್ರೆ ನೆನಪಾಗಬೇಕೆಂದು ಹೇಳಿಕೊಡುವುದು. ವಾಂತಿ ನಿಂತಿತು. ಹೆಂಗಸರು ಒಪ್ಪಿದರು. ರಿಜಿಸ್ಟರ್ ತುಂಬ ಟಿಕ್ ಗುರುತು. ಸರೋಜಮ್ಮ ತಿಂಗಳ ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇವಳನ್ನ ನೋಡಿ ಕಲೀರಿ" ಎಂದರು. ನನಗೆ ನೆಲ ನೋಡುವುದೇ ಆಯಿತು. ಆದರೆ ಒಳಗೆ ಹೆಮ್ಮೆ ಇರಲಿಲ್ಲವೆಂದರೆ ಸುಳ್ಳು.

ಮಹದೇವಿಯನ್ನು ನಾನು ಮೊದಲು ಗಮನಿಸಿದ್ದು ಬಸ್ಸಿನಲ್ಲಿ. ನನ್ನದೇ ಹಳ್ಳಿಯೊಂದರ ಸೊಸೆ, ಆರು ತಿಂಗಳ ಬಸುರಿ. ಗಂಡ ನಾಗರಾಜ ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಶಿಫ್ಟಿನಲ್ಲಿ ಹೋಗುತ್ತಿದ್ದ. ಅವಳು, ಅತ್ತೆ ಚಿಕ್ಕತಾಯಮ್ಮ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಆ ಸಂಜೆ ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಅವಳು ಕೂತಳು, ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದು ಕಂಬಿ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜುತ್ತ ನಿಂತಳು.

ಕಂಡಕ್ಟರು ಕೇಳಿದ: "ಯಾಕವ್ವ, ಸೀಟ್ನಲ್ಲಿ ಮುಳ್ಳು ಐತಾ? ಬಸುರಿ ಎಂಗ್ಸು, ಕುಂತ್ಕಬಾರ್ದಾ?"

"ಕುಂತ್ರೆ ಆಗಕಿಲ್ಲ ಕಣಣ್ಣ, ನಿಂತ್ರೆ ವಾಸಿ."

"ನಿಂತ್ಕಂಡು ಓಗಕೆ ಟಿಕೀಟ್ ಬ್ಯಾರೆ ಕೊಡನೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೇಳಬೇಕಿತ್ತು, ಕೇಳಲಿಲ್ಲ.

ಮುಂದಿನ ವಾರ ಅವರ ಮನೆಗೆ ಹೋದಾಗ ಅವಳೇ ಹೇಳಿದಳು. "ನರ್ಸಮ್ಮೋರೆ, ಸಂಜೆ ಆಯ್ತು ಅಂದ್ರೆ ಕಾಲೊಳಗೆ ಇರುವೆ ಅರಿದಂಗಾಯ್ತದೆ. ನೋವಲ್ಲ. ಏನು ಅಂತ ಏಳಕ್ಕೇ ಬರಕಿಲ್ಲ. ಎದ್ದು ಓಡಾಡ್ಬೇಕು ಅನ್ನುಸ್ತದೆ. ಓಡಾಡುದ್ರೆ ಓಯ್ತದೆ, ಕುಂತ್ರೆ ಬತ್ತದೆ. ಮನೀಕಳಂಗೇ ಇಲ್ಲ."

ಚಿಕ್ಕತಾಯಮ್ಮ ಊದುಬತ್ತಿಯ ಮಣೆಯಿಂದ ತಲೆ ಎತ್ತದೆ ಅಂದಳು: "ಕೆಲ್ಸಕ್ಕೆ ಕುಂದ್ರಸ್ದಾಗ್ಲೆ ಇವ್ಳಿಗೆ ಇರುವೆ ಬರಾದು. ನಂಗೂ ಬರ್ನಿ ಅಂತೀನಿ, ಒಂದೂ ಬರಕಿಲ್ಲ."

ನನಗೆ ಅರ್ಥವಾದದ್ದು ಒಂದೇ, ಹುಡುಗಿಗೆ ನಿದ್ದೆಯಿಲ್ಲ. ಆಗ ನಮ್ಮಲ್ಲಿ ಒಂದು ಅಭ್ಯಾಸವಿತ್ತು. ನಿದ್ದೆ ಇಲ್ಲವೆಂದು ಬಂದವರಿಗೆ ನೆಗಡಿಗೂ ತುರಿಕೆಗೂ ಕೊಡುವ ಸಣ್ಣ ಹಳದಿ ಮಾತ್ರೆ ಕೊಡುತ್ತಿದ್ದೆವು. ಅದು ಮಂಪರು ತರುತ್ತದೆ. ಬಸುರಿಗೆ ಡಾಕ್ಟರನ್ನು ಕೇಳದೆ ನಾವು ಯಾವ ಮಾತ್ರೆಯನ್ನೂ ಕೊಡುವಂತಿರಲಿಲ್ಲ. ನಾನು ಹತ್ತು ಮಾತ್ರೆ ಕಾಗದದಲ್ಲಿ ಕಟ್ಟಿ ಕೊಟ್ಟೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಗುರುವಾರ ಮಕ್ಕಳ ಚುಚ್ಚುಮದ್ದಿನ ದಿನ. ಚಿಕ್ಕತಾಯಮ್ಮ ಉಪಕೇಂದ್ರದ ಜಗಲಿಯ ಹತ್ತಿರ ಬಂದು, ಎಲ್ಲರೂ ಹೋಗುವವರೆಗೆ ಕಾದು ಹೇಳಿದಳು: "ನೀ ಕೊಟ್ಟದ್ದು ತಿಂದ್ ಮ್ಯಾಕೆ ಜಾಸ್ತಿ ಆಯ್ತು ಕಣವ್ವ. ಈಗ ಎರಡು ಕಾಲೂ ಒದ್ರಾಡ್ತಾವೆ. ಮಾತ್ರೆಗೇ ಬಗ್ದೆ ಇರಾದು ಅಂದ್ರೆ ಇದು ಕಾಯ್ಲೆ ಅಲ್ಲ, ಗಾಳಿ. ಪಕ್ಕದೂರ್ನಲ್ಲಿ ಬರೆ ಆಕೋ ಅಜ್ಜ ಅವ್ನೆ. ಭಾನ್ವಾರ ಬಾ ಅಂತ ಏಳ್ ಕಳ್ಸಿವ್ನಿ."

ಕುಡುಗೋಲು ಕಾಯಿಸಿ ಮೀನಖಂಡದ ಮೇಲೆ ಬರೆ ಎಳೆಯುವುದು. ಹಸುವಿಗೆ, ಮಗುವಿಗೆ ಹಾಗೆ ಮಾಡಿದ್ದನ್ನು ನಾನು ನೋಡಿದ್ದೆ. ಆರು ತಿಂಗಳ ಬಸುರಿಗೆ! ಲಸಿಕೆಯ ಡಬ್ಬಿ ಕೆಳಗಿಟ್ಟೆ. "ಬೇಡ, ನಾಳೆ ಡಾಕ್ಟರಿಗೆ ತೋರಿಸೋಣ" ಎಂದಷ್ಟು ಹೇಳಿದೆ. ಅದನ್ನೇ ಎರಡು ಸಲ ಹೇಳಿದೆ. ಅವಳಿಗೆ ಏನನ್ನಿಸಿತೋ, ಒಪ್ಪಿದಳು.

ಶುಕ್ರವಾರ ಬೆಳಿಗ್ಗೆ ಮಹದೇವಿ, ನಾಗರಾಜ, ನಾನು ಆರೋಗ್ಯ ಕೇಂದ್ರಕ್ಕೆ ಹೋದೆವು. ಹೊಸದಾಗಿ ಬಂದಿದ್ದ ಡಾಕ್ಟರು, ಚಿಕ್ಕ ವಯಸ್ಸಿನವರು. ಸರೋಜಮ್ಮನೂ ಪಕ್ಕದ ಮೇಜಿನಲ್ಲಿ ರಿಜಿಸ್ಟರ್ ನೋಡುತ್ತ ಕೂತಿದ್ದರು. ಡಾಕ್ಟರು ಕಾಲು ಮುಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ನಾನು ಆವರೆಗೆ ಯಾವ ಡಾಕ್ಟರೂ ಹಾಗೆ ನಿಧಾನವಾಗಿ ಕೇಳಿದ್ದನ್ನು ನೋಡಿರಲಿಲ್ಲ.

"ಕಾಲು ಆಡಿಸ್ಲೇಬೇಕು ಅನ್ನಿಸುತ್ತಾ?"

"ಊಂ ಸಾ."

"ಸುಮ್ಮನೆ ಕೂತಾಗ, ಮಲಗಿದಾಗ ಬರುತ್ತಾ?"

"ಆಗ್ಲೆ ಬರಾದು ಸಾ."

"ಎದ್ದು ಓಡಾಡಿದ್ರೆ?"

"ಕಮ್ಮಿ ಆಯ್ತದೆ."

"ಸಂಜೆ ಮೇಲೆ ಹೆಚ್ಚಾಗುತ್ತಾ?"

"ಬೆಳಿಗ್ಗೆ ನಾನು ಎಲ್ರಂಗೇ ಇರ್ತೀನಿ ಸಾ. ಸಂಜೆ ಆದ್ ಮ್ಯಾಕೇ."

"ಇದಕ್ಕೆ ಹೆಸರಿದೆ. ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ಗಾಳಿ ಅಲ್ಲ, ಸೋಮಾರಿತನವೂ ಅಲ್ಲ" ಎಂದರು. ನಾಗರಾಜ ಆ ಹೆಸರನ್ನು ಇನ್ನೊಂದು ಸಲ ಹೇಳಿಸಿಕೊಂಡ, ಅವ್ವನಿಗೆ ಹೇಳಲು ಬೇಕೆಂದು. ನಾನು ಡೈರಿಯ ಹಿಂದಿನ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ರಕ್ತ ಕಡಿಮೆಯಿದ್ದವರಲ್ಲಿ, ಬಸುರಿಯರಲ್ಲಿ ಇದು ಹೆಚ್ಚು ಎಂದು ಹೇಳಿ, ಬೆರಳು ಚುಚ್ಚಿ ರಕ್ತ ನೋಡಲು ನನಗೇ ಹೇಳಿದರು. ಆಗ ಯಂತ್ರವಿರಲಿಲ್ಲ. ಗಾಜಿನ ಕೊಳವೆಯಲ್ಲಿ ಆಮ್ಲಕ್ಕೆ ಒಂದು ತೊಟ್ಟು ರಕ್ತ ಬಿಟ್ಟು, ಪಕ್ಕದ ಕೊಳವೆಯ ಬಣ್ಣಕ್ಕೆ ಹೊಂದುವವರೆಗೆ ತೊಟ್ಟು ತೊಟ್ಟಾಗಿ ನೀರು ಸೇರಿಸಬೇಕು. ಇವಳ ರಕ್ತಕ್ಕೆ ನಾಲ್ಕು ತೊಟ್ಟು ನೀರು ಬೀಳುವಷ್ಟರಲ್ಲಿ ಬಣ್ಣ ತಿಳಿಯಾಗಿಬಿಟ್ಟಿತು. ಹಿಮೋಗ್ಲೋಬಿನ್ ಆರೂವರೆ, ಹನ್ನೊಂದಾದರೂ ಇರಬೇಕಾದಲ್ಲಿ.

"ಮಾತ್ರೆ ತಗೋತಿಲ್ವಾ?"

"ಒಂದು ದಿನ ಬುಟ್ಟಿಲ್ಲ ಸಾ" ಎಂದಳು ಮಹದೇವಿ, ನನ್ನ ಕಡೆ ನೋಡಿ ನಗುತ್ತ. "ದಿನಾ ಕಾಪಿ ಜೊತೆ. ನಮ್ ನರ್ಸಮ್ಮೋರೇ ಏಳ್ಕೊಟ್ಟವ್ರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕಾಫಿ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆರಸದ ಜೊತೆ ಕೊಡಬೇಕು, ಕಾಫಿಗೂ ಮಾತ್ರೆಗೂ ಒಂದೆರಡು ಗಂಟೆ ಅಂತರವಿರಬೇಕು ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನ ನಾಲ್ಕು ಹಳ್ಳಿಯ ಬಸುರಿಯರೆಲ್ಲ ಒಬ್ಬೊಬ್ಬರಾಗಿ ಕಾಫಿ ಲೋಟ ಹಿಡಿದು ನನ್ನ ಕಣ್ಣ ಮುಂದೆ ಬಂದರು. ಸರೋಜಮ್ಮ ರಿಜಿಸ್ಟರ್ ಮುಚ್ಚಿ ನನ್ನನ್ನೇ ನೋಡುತ್ತಿದ್ದರು.

ಆಗ ಡಾಕ್ಟರು ಕೇಳಿದರು: "ಬೇರೆ ಯಾವ ಮಾತ್ರೆನಾದ್ರೂ ಕೊಟ್ಟಿದ್ದೀರಾ?"

ಸಿಂಧು, ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಅವರು ಬರೆಯುತ್ತಲೇ ಅಂದರು: "ಯಾಕೆ ಕೇಳಿದೆ ಅಂದ್ರೆ, ನೆಗಡಿ ಮಾತ್ರೆ, ಕೆಲವು ವಾಂತಿ ಮಾತ್ರೆ ಇದನ್ನ ಕೆಣಕಿಬಿಡ್ತವೆ."

ಆ ಕ್ಷಣಕ್ಕೂ ಬಾಯಿ ಬಿಡಬಹುದಿತ್ತು. ಒಂದು ತಪ್ಪಿಗೇ ಮುಖ ಕೆಂಡವಾಗಿತ್ತು, ಎರಡನೆಯದನ್ನು ಹೇಳುವ ಧೈರ್ಯ ಬರಲಿಲ್ಲ. ಬರೆಯದೆ ಮಾತ್ರೆ ಕೊಟ್ಟದ್ದು ತಿಳಿದರೆ ಕೆಲಸದ ಗತಿ ಏನು? ಇವತ್ತು ಸಂಜೆಯೇ ಅವರ ಮನೆಗೆ ಹೋಗಿ ಸದ್ದಿಲ್ಲದೆ ಪೊಟ್ಟಣ ಎತ್ತಿಕೊಂಡು ಬಂದುಬಿಡುತ್ತೇನೆ ಎಂದುಕೊಂಡೆ. ಮಹದೇವಿಯೂ ಏನೂ ಹೇಳಲಿಲ್ಲ. ಮರೆತಿದ್ದಾಳೆ ಎಂದುಕೊಂಡೆ.

ಕಬ್ಬಿಣಾಂಶದ ಇಂಜೆಕ್ಷನ್ನು ಮೊದಲು ಸ್ವಲ್ಪ ಕೊಟ್ಟು, ಒಗ್ಗುತ್ತದೆಯೇ ಎಂದು ಕಾದು ನೋಡಿ, ಆಮೇಲೆ ಪೂರ್ತಿ ಕೊಟ್ಟರು. ದಿನ ಬಿಟ್ಟು ದಿನ ಬರಬೇಕು, ಕಾಲು ಸುಮ್ಮನಾಗಲು ಕೆಲವು ವಾರ ಬೇಕು ಎಂದರು. ನಾಗರಾಜ "ಡಾಕ್ಟ್ರು ಏಳವ್ರಲ್ಲ, ಬರೆ ಗಿರೆ ಬ್ಯಾಡ ಬುಡಿ, ನೋಡಾನ" ಎಂದು ಹೆಂಡತಿಯನ್ನು ಕರೆದುಕೊಂಡು ಹೋದ. ನಾನು ಹಿಂದೆಯೇ ಹೊರಡಬೇಕೆನ್ನುವಾಗ ಇನ್ನೊಂದು ಹಳ್ಳಿಯಿಂದ ಹೆರಿಗೆಗೆ ಕರೆ ಬಂತು. ಅದು ಶನಿವಾರ ಮಧ್ಯಾಹ್ನದವರೆಗೂ ಎಳೆಯಿತು. ಮಗು, ತಾಯಿ ಇಬ್ಬರನ್ನೂ ನಂಜನಗೂಡಿಗೆ ಸಾಗಿಸಿ ತಿರುಗಿ ಬರುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು. ಒಂದು ದಿನಕ್ಕೆ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಮೊದಲ ಬಸ್ಸಿಗೆ ಹೋದೆ. ಬಸ್ಸಿಳಿದ ಕೂಡಲೇ ನೀರು ಹೊತ್ತು ಬರುತ್ತಿದ್ದ ಹೆಂಗಸು ನನ್ನನ್ನು ಕಂಡು ಕೊಡ ಇಳಿಸಿದಳು. "ಬಿರ್ನೆ ಓಗಿ ನರ್ಸಮ್ಮ. ನೆನ್ನೆ ಸಂಜೆಯಿಂದ ಆ ಎಣ್ಣು ಬೀದೀಲೆಲ್ಲ ಓಡಾಡ್ತು. ಅಜ್ಜ ಬಂದವ್ನೆ."

ನಾನು ಓಡಿದೆ. ಆ ಊರಿನಲ್ಲಿ ನಾನು ಓಡಿದ್ದನ್ನು ಯಾರೂ ನೋಡಿರಲಿಲ್ಲ. ಅಂಗಳದಲ್ಲಿ ಬೆಂಕಿ. ನಾಲ್ಕು ಜನ ಹೆಂಗಸರು ಮಹದೇವಿಯ ಭುಜ ಹಿಡಿದಿದ್ದರು. ಅವಳ ಬಾಯಲ್ಲಿ ಬಟ್ಟೆ. ಬಲಗಾಲಿನ ಮೀನಖಂಡದ ಮೇಲೆ ಬರೆ ಆಗಲೇ ಬಿದ್ದಿತ್ತು. ಅಜ್ಜ ಕುಡುಗೋಲನ್ನು ಎಡಗಾಲಿಗೆಂದು ಮತ್ತೆ ಕೆಂಡದಲ್ಲಿ ಇಟ್ಟಿದ್ದ. ನಾಗರಾಜ ಗೋಡೆಗೆ ಮುಖ ಮಾಡಿ ನಿಂತಿದ್ದ.

ನಾನು ಹೋಗಿ ಅವಳ ಎಡಗಾಲನ್ನು ನನ್ನ ಮಡಿಲಿಗೆ ಎಳೆದುಕೊಂಡು ನೆಲದಲ್ಲಿ ಕೂತೆ. ಕಾಲು ನನ್ನ ಕೈಯೊಳಗೆ ಎಳೆಯುತ್ತಲೇ ಇತ್ತು.

"ಏಳವ್ವ ಅತ್ಲಾಗೆ" ಎಂದ ಅಜ್ಜ. "ಅರ್ಧಕ್ಕೆ ಬುಟ್ರೆ ಇನ್ನೊಂದು ಕಾಲ್ಗೆ ಕೂತ್ಕತದೆ."

"ಅವಳಿಗೆ ನೆನ್ನೆ ಏನು ಕೊಟ್ಟಿರಿ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನಿಸಿತು.

ಚಿಕ್ಕತಾಯಮ್ಮ ಅಂದಳು: "ನಾನ್ ಏನ್ ಕೊಡ್ಲಿ? ನಿನ್ ಅಳದಿ ಮಾತ್ರೆನೇ. ಒಂದಕ್ಕೆ ಬಗ್ನಿಲ್ಲ ಅಂತ ಎರಡು ಕೊಟ್ಟೆ. ಅದ್ಕೂ ಬಗ್ನಿಲ್ಲ."

"ಆ ಮಾತ್ರೆಯಿಂದಲೇ ಹೆಚ್ಚಾಗಿದ್ದು. ಗಾಳಿ ಅಲ್ಲ. ಅದು ನಾನು ಕೊಡಬಾರದಾಗಿದ್ದ ಮಾತ್ರೆ. ಡಾಕ್ಟರನ್ನ ಕೇಳದೆ ಕೊಟ್ಟೆ. ತಪ್ಪು ನನ್ನದು."

ಕೆಂಡ ಚಟಚಟ ಅನ್ನುತ್ತಿತ್ತು. ಇಷ್ಟು ಜನ ನನ್ನ ಮುಖ ನೋಡುತ್ತಿರುವಾಗ ನಾನು ಇನ್ನೂ ಕೂತಿದ್ದೇನಲ್ಲ ಎಂದು ನನಗೇ ಆಶ್ಚರ್ಯವಾಗಿತ್ತು. ಬಯ್ಯುತ್ತಾರೆ, ಹೊಡೆದರೂ ಹೊಡೆಯಲಿ, ಈ ಕಾಲು ಮಾತ್ರ ಬಿಡುವುದಿಲ್ಲ ಎಂದುಕೊಂಡೆ. ಕೊನೆಗೆ ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು:

"ಸರ್ಕಾರ್ದೋರು ತಪ್ಪು ನಂದು ಅಂದದ್ದ ನಾನು ಉಟ್ಟಿದಾಗ್ಲಿಂದ ಕಂಡಿಲ್ಲ."

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಅಜ್ಜ ಕೋಪದಿಂದ, "ಮಾತ್ರೇದೋ ಗಾಳೀದೋ ಇನ್ನೂ ಗ್ಯಾರಂಟಿ ಇಲ್ಲ" ಎಂದ. ಚಿಕ್ಕತಾಯಮ್ಮ ಅವನತ್ತ ತಿರುಗಿದಳು: "ನೀ ಎದ್ದೋಳು ಅಜ್ಜ. ಒಂದ್ ಕಾಲು ಆಯ್ತಲ್ಲ, ಸಾಕು. ಏ ನರ್ಸಮ್ಮ, ಒಂದು ತಿಂಗ್ಳು ಕೊಡ್ತೀನಿ. ಆಮ್ಯಾಲೂ ಇಂಗೇ ಕುಣುದ್ಲೋ, ನಿಂಗೇ ಬರೆ."

ಆ ಒಂದು ತಿಂಗಳು ನಾನು ಎಷ್ಟು ಕೆಜಿ ಇಳಿದೆನೋ ಗೊತ್ತಿಲ್ಲ. ಸೋಮವಾರ ಡಾಕ್ಟರಿಗೂ ಸರೋಜಮ್ಮನಿಗೂ ಮಾತ್ರೆ ಕೊಟ್ಟದ್ದನ್ನು ಹೇಳಿದೆ. ಸರೋಜಮ್ಮ ಮೆಮೊ ಕೊಟ್ಟರು. ಕೊಟ್ಟ ಮೇಲೆ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕಿದರು. ಇಂಜೆಕ್ಷನ್ನಿಗೆ ಮಹದೇವಿಯನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೆ, ಬಲಗಾಲಿಗೆ ಡ್ರೆಸಿಂಗ್ ಮಾಡುತ್ತಿದ್ದೆ. ಸಂಜೆಯ ಕಾಫಿ ಬಿಡಿಸಿದೆ. ಮಲಗುವ ಮುಂಚೆ ಬಿಸಿನೀರು ಹಾಕಿ ಕಾಲು ನೀವುವುದನ್ನು ನಾಗರಾಜನಿಗೆ ಕಲಿಸಿದೆ. ನಾಚಿಕೆಯಿಂದ ಅವನೂ ಕೆಂಪಾದ, ನಾನೂ ಕೆಂಪಾದೆ. ಊದುಬತ್ತಿಯ ಮಣೆಯನ್ನು ಎತ್ತರದ ಕಣಜದ ಮೇಲೆ ಇಡಿಸಿ ನಿಂತು ಹೊಸೆಯುವಂತೆ ಮಾಡಿದೆ. ಚಿಕ್ಕತಾಯಮ್ಮ "ನಿಂತ್ಕಂಡು ಊದ್ಬತ್ತಿ ಒಸ್ಯೋ ಮಾರಾಣಿ" ಎಂದು ಕರೆಯತೊಡಗಿದಳು, ಆದರೆ ಮಣೆ ಕೆಳಗಿಳಿಸಲಿಲ್ಲ.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಅಷ್ಟೇ. ನಾನು ದಿನವೂ ಅವಳನ್ನು ನೋಡುವ ಮೊದಲು ಅತ್ತೆಯ ಮುಖ ನೋಡುತ್ತಿದ್ದೆ. ಮೂರನೆಯ ವಾರದ ಒಂದು ಮಧ್ಯಾಹ್ನ ಹೋದಾಗ ಚಿಕ್ಕತಾಯಮ್ಮ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟಳು. "ಸದ್ದು ಮಾಡ್ಬ್ಯಾಡ. ರಾತ್ರಿನೂ ಮನೀಕಂಡ್ಳು, ಈಗ್ಲೂ ಮನೀಕಂಡವ್ಳೆ." ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದೆ. ಅವಳಿಗೆ ಹೆಣ್ಣು ಮಗುವಾಯಿತು. ಕಾಲಿನ ತೊಂದರೆ ಆಮೇಲೆ ಪೂರ್ತಿ ನಿಂತಿತು.

ಅಲ್ಲಿಂದ ಮುಂದೆ ನನ್ನ ಕೆಲಸದ ರೀತಿ ಬದಲಾಯಿತು. ನಾಲ್ಕು ಹಳ್ಳಿಯ ಮನೆಮನೆಗೂ ಹೋಗಿ "ಕಾಫಿ ಜೊತೆ ಬೇಡ, ನಾನು ತಪ್ಪು ಹೇಳಿದ್ದೆ" ಎಂದು ಹೇಳಬೇಕಾಯಿತು. ಕೆಲವರು ನಕ್ಕರು, ಕೆಲವರು ಮತ್ತೆ ಮಾತ್ರೆ ಎಸೆಯತೊಡಗಿದರು. ಆ ನಾಲ್ಕು ಪ್ರಶ್ನೆಗಳನ್ನು ಪ್ರತಿ ವರ್ಷದ ಡೈರಿಯಲ್ಲೂ ಬರೆದುಕೊಳ್ಳುತ್ತಿದ್ದೆ. ನಾಲ್ಕಕ್ಕೂ ಹೌದು ಎಂದರೆ ಮಾತ್ರ ಅದನ್ನು ಸಂಶಯಪಡಬೇಕು. ಒಂದು ಸಲ ಮೂರಕ್ಕೇ ಅವಸರಪಟ್ಟು ಒಬ್ಬಾಕೆಯನ್ನು ಡಾಕ್ಟರ ಬಳಿ ಕಳಿಸಿ, ಅದು ಸಕ್ಕರೆ ಕಾಯಿಲೆಯ ಉರಿ ಎಂದು ಗೊತ್ತಾಗಿ ಪೆಚ್ಚಾದೆ. ಎರಡು ಸಾವಿರದ ಇಸವಿಯ ಈಚೆಗೆ ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಗೆ ವರ್ಗವಾದಾಗ, ಅಲ್ಲೊಬ್ಬರು ವಯಸ್ಸಾದವರು ನಾಲ್ಕಕ್ಕೂ ಹೌದು ಎಂದರು. ಅವರ ರಕ್ತ ಚೆನ್ನಾಗಿಯೇ ಇತ್ತು. ಮೈಸೂರಿನ ಡಾಕ್ಟರು ಕೈ ನಡುಗುವ ಕಾಯಿಲೆಗೆ ಕೊಡುವ ಮಾತ್ರೆಯನ್ನೇ ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅವರ ಮಗ ನನ್ನ ಬಳಿ ಬಂದು, "ನಮ್ಮಪ್ಪಂಗೆ ಕೈ ನಡುಗಲ್ವಲ್ಲ, ಯಾಕೆ ಈ ಮಾತ್ರೆ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ ಎಂದೆ. ಹಾಗೆ ಹೇಳಲು ಅಷ್ಟು ವರ್ಷ ಬೇಕಾಯಿತು.

ಇನ್ನು ಯಾರಿಗೂ ಹೇಳದ ಮಾತು ಒಂದಿದೆ. ನಾನು ನಿವೃತ್ತಳಾಗುವ ಹಿಂದಿನ ವರ್ಷ, ನಂಜನಗೂಡಿನಿಂದ ನರಸೀಪುರದ ಬಸ್ಸು ಹತ್ತಿದಾಗ ಕಿಟಕಿಯ ಪಕ್ಕದಲ್ಲಿ ಮಹದೇವಿ ಕೂತಿದ್ದಳು. ತಂಗಿಯ ಮನೆಗೆ ಹೊರಟಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡಳು. ಮಗಳು ಹೈಸ್ಕೂಲು, ಅತ್ತೆ ತೀರಿಕೊಂಡಳು, ಎಲ್ಲ ಹೇಳಿದಳು. ಸೀರೆಯಂಚಿನ ಕೆಳಗೆ ಬಲಗಾಲಿನ ಗುರುತು ಕಾಣುತ್ತಿತ್ತು.

"ಏನ್ ನೋಡ್ತೀರಿ? ನೀವು ಒಂದೀಟು ಮುಂಚೆ ಬಂದಿದ್ರೆ ಅದೂ ಇರ್ತಿರ್ನಿಲ್ಲ" ಎಂದು ನಕ್ಕಳು.

ಬಸ್ಸು ಚಿಕ್ಕಯ್ಯನಛತ್ರ ದಾಟಿತು. ಆಮೇಲೆ ಹೇಳಿದೆ: "ಮಹದೇವಿ, ಆ ಮಾತ್ರೆಯಿಂದ ಹೆಚ್ಚಾಗುತ್ತೆ ಅಂತ ನನಗೆ ಭಾನುವಾರ ಅಲ್ಲ, ಶುಕ್ರವಾರವೇ ಗೊತ್ತಾಗಿತ್ತು. ಡಾಕ್ಟರು ಕೇಳಿದಾಗ ಹೇಳಲಿಲ್ಲ."

ಅವಳು ಕಿಟಕಿಯಾಚೆಗೇ ನೋಡುತ್ತಿದ್ದಳು. "ಗೊತ್ತು ಕಣ್ರವ್ವ. ನಾನೂ ಅಲ್ಲೇ ಕುಂತಿದ್ನಲ್ಲ. ನಿಮ್ ಮೊಕ ನೋಡ್ದೆ, ಕೆಲ್ಸ ಓಗ್ಬುಡ್ತದೇನೋ ಅನ್ನಂಗಿತ್ತು. ಚಿಕ್ಕ ಮಕ್ಳ ಕಟ್ಕಂಡು ಒಬ್ರೇ ಇದ್ರಿ. ನಾನೂ ಏಳ್ನಿಲ್ಲ."

"ಮತ್ತೆ ಶನಿವಾರ ಅತ್ತೆ ಕೊಟ್ಟಾಗ?"

"ನೀವು ಬ್ಯಾಡ ಅಂದಿರ್ನಿಲ್ವಲ್ಲ. ತಿಂದೆ."

ಅಷ್ಟೇ ಹೇಳಿದಳು. ಬೈಗುಳವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಸಂಜೆಯಾಗುತ್ತಿತ್ತು, ಒಂದು ಕಾಲದಲ್ಲಿ ಅವಳ ಕಾಲೊಳಗೆ ಇರುವೆ ಹರಿಯುತ್ತಿದ್ದ ಹೊತ್ತು. ಕಂಡಕ್ಟರು ಟಿಕೆಟ್ಟಿಗೆಂದು ಅವಳನ್ನು ಎಬ್ಬಿಸಲು ಬಂದ. ನಾನು ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ "ಎಬ್ಬಿಸಬೇಡಿ" ಎಂದು, ಇಬ್ಬರ ಟಿಕೆಟ್ಟನ್ನೂ ತೆಗೆದುಕೊಂಡೆ. ನರಸೀಪುರ ಬರುವವರೆಗೂ ನಾನು ಕೆಳಗೆ ಅವಳ ಪಾದಗಳನ್ನೇ ನೋಡುತ್ತ ಕೂತಿದ್ದೆ. ಗುರುತಿದ್ದ ಕಾಲೂ, ಗುರುತಿಲ್ಲದ ಕಾಲೂ, ಎರಡೂ ಅಲುಗಲಿಲ್ಲ.